ಹುಲ್ಲು ಕದಿಯುವ ಮಣಿ

"ಟೀಚರ್, ಅಂಬರ ಅಂದ್ರೆ ಆಕಾಶ ಅಲ್ವಾ? ಆಕಾಶಾನ ರೇಷ್ಮೆ ಬಟ್ಟೇಲಿ ಹೆಂಗೆ ಉಜ್ಜೋದು?"

ಮೂರನೆಯ ಬೆಂಚಿನಿಂದ ಈ ಪ್ರಶ್ನೆ ಬಂದಾಗ ನಾನು ಟೀಚರಾಗಿ ಎಂಟು ತಿಂಗಳೂ ಆಗಿರಲಿಲ್ಲ. ಐವತ್ತರ ದಶಕದ ಕೊನೆಯ ವರ್ಷಗಳು. ಮಂಡಿ ಮೊಹಲ್ಲಾದ ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಇಲವಾಲದ ನಮ್ಮ ಒಕ್ಕಲು ಮನೆತನದಲ್ಲಿ ಬಿ.ಎಸ್‌ಸಿ. ಮುಗಿಸಿದ ಮೊದಲ ಹೆಣ್ಣು ನಾನು. ಅಪ್ಪ ಹೊಲವನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಜಯಲಕ್ಷ್ಮಿಪುರಂನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅಲ್ಲಿಂದ ದಿನಾ ಬೆಳಿಗ್ಗೆ ನಾನು ಸ್ಕೂಲಿಗೆ ನಡೆದೇ ಬರುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಪಾಠದಲ್ಲಿ ಏನೂ ಇಲ್ಲ ಎಂಬ ಜಂಬ ಆ ನಡಿಗೆಯಲ್ಲಿ ಇದ್ದಿರಬೇಕು.

ಕ್ಲಾಸೆಲ್ಲ ನಕ್ಕಿತು. ಕೇಳಿದ ಹುಡುಗಿ ನಗಲಿಲ್ಲ. ಹದಿಮೂರು ವರ್ಷದ, ಸಣಕಲು ಮೈಯ, ದಪ್ಪ ಜಡೆಯ ಹುಡುಗಿ. ಅವಳ ಮನೆಮಾತು ಉರ್ದು, ಆದರೆ ಕನ್ನಡದಲ್ಲಿ ಕ್ಲಾಸಿಗೇ ಅವಳದು ಹೆಚ್ಚು ನಂಬರು. ವಿದ್ಯುತ್ತಿನ ಪಾಠದ ಮೊದಲ ಸಾಲಲ್ಲೇ ಅಂಬರವನ್ನು ರೇಷ್ಮೆಯಿಂದ ಉಜ್ಜಿದರೆ ಅದು ಹುಲ್ಲಿನ ಚೂರಿನಂಥ ಹಗುರವಾದ ವಸ್ತುಗಳನ್ನು ಸೆಳೆಯುತ್ತದೆ ಎಂದಿತ್ತು. ಗ್ರೀಕರು ಅದಕ್ಕಿಟ್ಟಿದ್ದ ಹೆಸರಿನಿಂದಲೇ ಎಲೆಕ್ಟ್ರಿಸಿಟಿ ಎಂಬ ಮಾತು ಹುಟ್ಟಿತಂತೆ.

"ಇದು ಆ ಅಂಬರ ಅಲ್ಲ," ಎಂದೆ. "ಇದು ಒಂದು ಮರದ ರಾಳ. ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದು ಕಲ್ಲಿನ ಹಾಗಾಗಿರುತ್ತೆ. ಹಳದಿ ಬಣ್ಣ. ಆಭರಣಕ್ಕೆ ಬಳಸ್ತಾರೆ."

"ನೀವು ನೋಡಿದೀರಾ ಟೀಚರ್?"

ನೋಡಿರಲಿಲ್ಲ. ಕಾಲೇಜಿನಲ್ಲೂ ಗಾಜಿನ ಕಡ್ಡಿ, ಎಬೊನೈಟ್ ಕಡ್ಡಿ ಉಜ್ಜಿದ್ದೆವೇ ಹೊರತು ಅಂಬರವನ್ನು ಯಾರೂ ತೋರಿಸಿರಲಿಲ್ಲ. "ಇಲ್ಲ" ಎಂದುಬಿಟ್ಟೆ. ಟೀಚರೊಬ್ಬರು ಹಾಗೆ ಹೇಳಿದ್ದನ್ನು ಹುಡುಗಿಯರು ಅದೇ ಮೊದಲು ಕೇಳಿದ್ದು ಅನಿಸುತ್ತದೆ. "ನೋಡಿಕೊಂಡು ಬಂದು ಹೇಳ್ತೀನಿ" ಎಂದು ಮಾತು ಕೊಟ್ಟೆ.

ಆ ಸಂಜೆಯೇ ಹುಡುಕಲು ಹೊರಟೆ. ಮೊದಲು ಹೊಕ್ಕಿದ್ದು ಒಂದು ಚಿನಿವಾರರ ಅಂಗಡಿ. ಹಳದಿ ಕಲ್ಲು ಎಂದೊಡನೆ ಪುಷ್ಯರಾಗ ತೆಗೆದರು. ಮರದಿಂದ ಬಂದ ಕಲ್ಲು ಎಂದಾಗ ನನ್ನ ಮುಖವನ್ನೇ ನೋಡಿದರು. ಎರಡನೆಯ ಅಂಗಡಿಯಲ್ಲಿ ಗೋಮೇಧಿಕ ತೋರಿಸಿದರು. ಮೂರನೆಯವರು, "ಅಂಬರ್ ತಾನೇ? ನಮ್ಮಲ್ಲಿಲ್ಲ, ಆ ಮೂಲೆ ಅಂಗಡೀಲಿ ಸಿಗುತ್ತೆ ಹೋಗಿ" ಎಂದು ಅಷ್ಟು ಸಲೀಸಾಗಿ ಹೇಳಿದರು ಅಂದರೆ, ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ಅದು ಅತ್ತರಿನ ಅಂಗಡಿ. ಮುದುಕರೊಬ್ಬರು ಸಣ್ಣ ಶೀಸೆಯ ಬಿರಡೆ ತೆಗೆದು ನನ್ನ ಮಣಿಕಟ್ಟಿಗೆ ಒಂದು ಹನಿ ಹಚ್ಚಿ, "ಇದು ಅಸಲಿ ಅಂಬರ್, ಸಮುದ್ರದ ದೊಡ್ಡ ಮೀನಿನ ಹೊಟ್ಟೇಲಿ ಹುಟ್ಟೋದು" ಎಂದರು. ಮನೆಗೆ ಬಂದಾಗ ನಮ್ಮವ್ವ ಮೂಗು ಅರಳಿಸಿ, "ಇದೇನವ್ವ, ಯಾರ್ ಮದ್ವೆಗೋಗಿದ್ದೆ?" ಅಂದಳು.

ಹೀಗೆ ಆಕಾಶವೂ ಆಯಿತು, ಮೀನೂ ಆಯಿತು, ಮಣಿ ಮಾತ್ರ ಸಿಗಲಿಲ್ಲ. ಮಾರನೆಯ ದಿನ ನನ್ನ ಅಲೆದಾಟವನ್ನೆಲ್ಲ ಕ್ಲಾಸಿನಲ್ಲಿ ಹೇಳಿದೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟೆ ಹೊಡೆದ ಮೇಲೆ ಆ ದಪ್ಪ ಜಡೆಯ ಹುಡುಗಿ ಮೇಜಿನ ಹತ್ತಿರ ಬಂದಳು.

"ಟೀಚರ್, ಉಜ್ಜಿದ್ರೆ ಹುಲ್ಲನ್ನ ಎಳ್ಕೊಳ್ಳುತ್ತೆ ಅಂದ್ರಲ್ಲ, ಅದೇನಾ? ನಮ್ಮ ನಾನಿ, ಅಮ್ಮನ ಅಮ್ಮ, ಅವ್ರ ಹತ್ರ ಒಂದು ಜಪಮಾಲೆ ಇದೆ. ಅದರ ಹೆಸರು ಕಹರುಬಾ. ರಾತ್ರಿ ನಾನಿಗೆ ಪಾಠ ಹೇಳ್ದೆ. ಕಹ ಅಂದ್ರೆ ಹುಲ್ಲು, ರುಬಾ ಅಂದ್ರೆ ಕದಿಯೋದು, ಫಾರ್ಸಿ ಮಾತು ಅಂತ ಅವ್ರಪ್ಪ ಹೇಳ್ತಿದ್ರಂತೆ."

ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗೆ ಬಿತ್ತು. "ಅದೇ ಕಣೇ! ಅದೇ! ನಾಳೆ ತಗೊಂಬರ್ತೀಯಾ?"

ಅವಳು ತಲೆ ಅಲ್ಲಾಡಿಸಿದಳು. "ನಾನಿ ಮನೆಯಿಂದ ಆಚೆಗೆ ಕೊಡಲ್ಲ. ನೋಡೋರೇ ಬರಬೇಕಂತೆ."

ನಾನೊಬ್ಬಳೇ ಅವರ ಓಣಿಯ ಮನೆಗೆ ಹೋಗಿ ನೋಡಿ ಬರಬಹುದಿತ್ತು. ಆದರೆ ಮಾತು ಕೊಟ್ಟಿದ್ದು ಕ್ಲಾಸಿಗೆ. ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋದೆ. ಅವರು ಬಿಳಿ ಸೀರೆಯ, ಎತ್ತರದ ಹೆಂಗಸು. ಹಣೆಯಲ್ಲಿ ಮೂರು ಬೆರಳ ವಿಭೂತಿ. ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಕೊಡೆ. ಇಡೀ ಸ್ಕೂಲು ಅವರ ಕೊಡೆಯ ಸದ್ದಿಗೆ ನೆಟ್ಟಗಾಗುತ್ತಿತ್ತು.

"ಮೂವತ್ತಾರು ಹುಡುಗೀರನ್ನ ಕರ್ಕೊಂಡು ಓಣಿ ಒಳಗೆ ಹೋಗ್ತೀರಾ? ಯಾಕೆ?"

"ಒಂದು ಮಣಿ ನೋಡೋಕೆ, ಅಮ್ಮ."

"ಮಣಿ ನೋಡೋಕೆ!" ಅವರು ಕನ್ನಡಕ ತೆಗೆದು ಒರೆಸಿದರು. "ಪೋಷಕರು ಬಂದು ಕೇಳಿದ್ರೆ ನಾನು ಏನು ಹೇಳಲಿ?"

ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ರಾಳ, ರೇಷ್ಮೆ, ಗ್ರೀಕರು, ಮೀನಿನ ಹೊಟ್ಟೆ, ಫಾರ್ಸಿ ಮಾತು. ಅವರು ಕೊನೆಗೆ, "ಅರ್ಧ ಗಂಟೆ. ಜೋಡಿ ಸಾಲು. ಒಬ್ಬಳೂ ಸಾಲು ಬಿಡಬಾರದು" ಎಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ, "ರೇಷ್ಮೆ ಯಾರ ಹತ್ರ ಇದೆ?" ಎಂದು ಕೇಳಿದರು.

ರೇಷ್ಮೆ ನನ್ನ ಹತ್ತಿರ ಇತ್ತು. ನನ್ನ ಮೊದಲ ಸಂಬಳದಲ್ಲಿ ಕೊಂಡಿದ್ದ ಒಂದೇ ಒಂದು ಮೈಸೂರು ಸಿಲ್ಕ್ ಸೀರೆ. ಮಾರನೆಯ ದಿನ ಅದನ್ನುಟ್ಟು ಹೊರಟೆ. ಅವ್ವ ಬಾಗಿಲಲ್ಲೇ ತಡೆದಳು.

"ಇಸ್ಕೂಲ್ಗೆ ಇಂಗೆ ಒಂಟಿದ್ದೀಯಲ್ಲ, ಸಾಹೇಬ್ರು ಬತ್ತಾರಾ?"

"ಇಲ್ಲ ಕಣವ್ವ, ಪಾಠಕ್ಕೆ ಬೇಕು."

"ಪಾಠಕ್ಕೆ ಸೀರೆ ಬೇಕಾ?" ಎಂದು ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಗಾಳಿ ಒಣಗಿತ್ತು, ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ ಹವೆ. ಜೋಡಿ ಸಾಲಿನಲ್ಲಿ ಮಂಡಿಗಳ ಮುಂದೆ ಹಾದು ಹೋದೆವು. ಬೆಲ್ಲದ ಮೂಟೆ ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿ ದಾರಿ ಬಿಟ್ಟರು. ಓಣಿಯ ಬಾಯಿಗೆ ಬಂದಾಗ ನಾನಿಗೆ ತಿಳಿಸಲು ಮುಂದೆ ಹೋಗಿದ್ದ ಜಡೆಯ ಹುಡುಗಿ ಓಡಿ ಬಂದು, "ಟೀಚರ್, ಮುಟ್ಟೋರೆಲ್ಲ ಕೈ ತೊಳ್ಕೊಬೇಕಂತೆ, ಅದು ದೇವರ ಹೆಸರು ಹೇಳೋ ಮಾಲೆ" ಎಂದಳು. ಬೀದಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಮೊದಲು ಗೊಣಗಿದರು. ಆಮೇಲೆ ಅವರೇ ಒಬ್ಬೊಬ್ಬಳ ಕೈಗೂ ನೀರು ಬಿಟ್ಟರು. ಸ್ಕೂಲಿನವರಿಗೆ ಏನೋ ತೋರಿಸುತ್ತಾರಂತೆ ಎಂಬ ಸುದ್ದಿ ಓಣಿಯ ಆ ತುದಿಗೆ ನಮಗಿಂತ ಮೊದಲೇ ತಲುಪಿತು.

ನಾನಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ದರ್ಜಿ ಅಂಗಡಿಗಳಿಂದ ಬಂದ ಶರಟುಗಳಿಗೆ ಕಾಜಾ ಹಾಕಿಕೊಡುವುದು ಅವರ ಕೆಲಸ. ಮಡಚಿದ ಶರಟುಗಳ ರಾಶಿ ಪಕ್ಕದಲ್ಲಿತ್ತು. ಅವರು ಒಂದು ಸಣ್ಣ ಬಟ್ಟೆಯ ಚೀಲ ಬಿಚ್ಚಿ ಮಾಲೆಯನ್ನು ಅಂಗೈ ಮೇಲೆ ಇಳಿಬಿಟ್ಟರು.

ಇಷ್ಟು ವರ್ಷದ ಮೇಲೂ ಆ ಬಣ್ಣವನ್ನು ಹೇಗೆ ಹೇಳುವುದೆಂದು ತಿಳಿಯದು. ಜೇನುತುಪ್ಪವನ್ನು ಕಿಟಕಿಯ ಬೆಳಕಿಗೆ ಹಿಡಿದ ಹಾಗೆ ಎಂದರೆ ಸುಮಾರಾಗಿ ಸರಿಯಾದೀತು. ಮೂವತ್ತಮೂರು ಮಣಿ, ತುದಿಗೊಂದು ಉದ್ದನೆಯ ಮಣಿ. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ಕಲ್ಲಿನ ತಣುಪಿಲ್ಲ, ಬೆಚ್ಚಗಿದೆ.

"ನಮ್ಮಪ್ಪ ಹಜ್‌ಗೆ ಹೋದಾಗ ತಂದಿದ್ದು," ಎಂದರು ನಾನಿ. "ನನ್ನ ಮದುವೇಲಿ ಕೊಟ್ರು. ಹುಲ್ಲು ಕದಿಯುತ್ತೆ ಅಂತ ಹೆಸರು ಹೇಳಿದ್ರು. ಕದ್ದಿದ್ದು ಮಾತ್ರ ನಾನು ಒಂದಿನಾನೂ ನೋಡಿಲ್ಲ ಟೀಚರಮ್ಮ."

"ಈಗ ನೋಡೋಣ" ಎಂದೆ. ಆ ಓಣಿಯವರೆಲ್ಲ ಕಿಟಕಿಗೆ ಮುಖ ಒತ್ತಿದ್ದರು. ಆಗದಿದ್ದರೆ?

ತುದಿಯ ಉದ್ದ ಮಣಿಯನ್ನು ಹಿಡಿದು ಸೀರೆಯ ಸೆರಗಿನಿಂದ ಚೆನ್ನಾಗಿ ಉಜ್ಜಿದೆ. ಒಬ್ಬ ಹುಡುಗಿ ಪಕ್ಕದ ಜಟಕಾದವರ ಲಾಯದಿಂದ ಒಣಹುಲ್ಲು ತಂದಿದ್ದಳು. ಅದನ್ನು ಚೂರು ಚೂರು ಮಾಡಿ ಚಾಪೆಯ ಮೇಲೆ ಉದುರಿಸಿದ್ದೆವು. ಮಣಿಯನ್ನು ಮೆಲ್ಲಗೆ ಕೆಳಗೆ ತಂದೆ. ಒಂದು ಬೆರಳಗಲ ದೂರವಿರುವಾಗಲೇ ಒಂದು ಹುಲ್ಲಿನ ಚೂರು ಎದ್ದು ನಿಂತಿತು. ನಿಂತದ್ದು ಚಂಗನೆ ಹಾರಿ ಮಣಿಗೆ ಅಂಟಿಕೊಂಡಿತು. ಅದರ ಹಿಂದೆ ಇನ್ನೆರಡು.

"ಕದ್ಬುಡ್ತು!" ಎಂದು ಯಾರೋ ಕಿರುಚಿದರು. ಮನೆಯೇ ಹಾರಿಹೋಗುವಂಥ ಗದ್ದಲವೆದ್ದಿತು. ನಾನಿ ಮಾಲೆಯನ್ನು ನನ್ನ ಕೈಯಿಂದ ಕಿತ್ತುಕೊಂಡೇಬಿಟ್ಟರು. "ಕೊಡಿ ಇಲ್ಲಿ, ನಾನು ಮಾಡ್ತೀನಿ" ಎಂದು ನನ್ನ ಸೆರಗನ್ನೇ ಎಳೆದುಕೊಂಡು ಉಜ್ಜಿದರು. ಅವರಿಗೂ ಹಾರಿತು. ಮತ್ತೆ ಉಜ್ಜಿದರು, ಮತ್ತೆ ಹಾರಿತು. ಆ ಸುಕ್ಕುಮುಖ ಅರಳಿದ್ದನ್ನು ನೋಡಿ ನನಗೆ ಕುಣಿಯಬೇಕೆನಿಸಿತು.

ಒಬ್ಬೊಬ್ಬಳಿಗೂ ಒಂದೊಂದು ಸರದಿ. ಕಾಯುತ್ತಿದ್ದವರಿಗೆ ನಾನು ಸ್ಕೂಲಿನ ಭೂತಗನ್ನಡಿ ಕೊಟ್ಟಿದ್ದೆ. ಮೊಮ್ಮಗಳು ತನ್ನ ಸರದಿ ಬಂದಾಗ ಅದನ್ನು ಮಾಲೆಯ ಮೇಲೆ ಒಂದೊಂದೇ ಮಣಿಯಾಗಿ ಆಡಿಸುತ್ತಾ ಹೋದವಳು, ಏಳನೆಯದರ ಹತ್ತಿರ ನಿಂತಳು.

"ಟೀಚರ್... ಇದರೊಳಗೆ ಯಾರೋ ಇದಾರೆ."

ಯಾರೋ ಎಂದೇ ಅವಳು ಹೇಳಿದ್ದು. ನಾನು ಬಗ್ಗಿ ನೋಡಿದೆ. ಮಣಿಯ ನಡುವೆ, ತೂತಿಗೆ ಸ್ವಲ್ಪ ಪಕ್ಕದಲ್ಲಿ, ಒಂದು ನುಸಿ. ಎರಡೂ ರೆಕ್ಕೆ ಹರಡಿಕೊಂಡಿದೆ. ಕಾಲುಗಳನ್ನು ಎಣಿಸಬಹುದು. ಹೊಲದಲ್ಲಿ ಜಾಲಿಮರದ ಅಂಟಿಗೆ ಇರುವೆ ಸಿಕ್ಕಿಕೊಂಡದ್ದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಆದರೆ ಇದು ಮನುಷ್ಯರೇ ಇಲ್ಲದ ಕಾಲದಲ್ಲಿ ಸಿಕ್ಕಿಕೊಂಡ ನುಸಿ. ಅದು ಕೂತ ಮರವಿಲ್ಲ, ಆ ಕಾಡಿಲ್ಲ, ಇದೊಂದು ಮಾತ್ರ ಮಂಡಿ ಮೊಹಲ್ಲಾಕ್ಕೆ ಬಂದು ತಲುಪಿದೆ. ಭೂತಗನ್ನಡಿಯನ್ನು ನಾನಿಯ ಕೈಗೆ ಕೊಟ್ಟೆ.

ನಾನಿಗೆ ಕಣ್ಣು ಮಂಜು. "ಅದು ಕಲೆ ಅಂದ್ಕೊಂಡಿದ್ದೆ" ಎನ್ನುತ್ತಾ ಭೂತಗನ್ನಡಿಯನ್ನು ಬಹಳ ಹೊತ್ತು ಹಿಡಿದು ನೋಡಿದರು. ಅವರ ಮುಖದ ನಗು ಕಡಿಮೆಯಾಯಿತು. "ಸತ್ತ ಜೀವ ಇಟ್ಕೊಂಡು ದೇವರ ಹೆಸರು ಹೇಳ್ದೆ ಅಂತಾಯ್ತಲ್ಲ, ಇಷ್ಟು ವರ್ಷ."

ಖುಷಿಯ ಭರದಲ್ಲಿ ನಾನು ಈ ಮುದುಕಿಯ ಪ್ರಾರ್ಥನೆಗೇ ಕೈ ಹಾಕಿದೆನೇನೋ. ನಾನಿ ಆ ಮಣಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಆಮೇಲೆ ತಮ್ಮಷ್ಟಕ್ಕೆ ತಲೆಯಾಡಿಸಿದರು.

"ಇಲ್ಲ. ಅವನು ಇದರೊಳಗೆ ತಾನಾಗಿ ಬಂದು ಕೂತಿದಾನಾ? ಕೂರಿಸಿದೋನು ಮೇಲಿದಾನೆ. ನನ್ನ ಜೊತೆ ಇವನೂ ದಿನಾ ಐದು ಹೊತ್ತು ಹೆಸರು ಹೇಳಿದಾನೆ, ಅಷ್ಟೇ." ಮೊಮ್ಮಗಳ ಕಡೆ ತಿರುಗಿ, "ಎಲ್ರಿಗೂ ತೋರಿಸು ಇವನನ್ನ" ಎಂದರು.

ಅರ್ಧ ಗಂಟೆ ಎಂದದ್ದು ಒಂದೂಕಾಲು ಗಂಟೆಯಾಗಿತ್ತು. ಸ್ಕೂಲಿನ ಗೇಟಿನಲ್ಲಿ ಕೊಡೆ ಹಿಡಿದು ಹೆಡ್‌ಮಿಸ್ಟ್ರೆಸ್ ನಿಂತಿದ್ದರು. ನಾನು ಬೈಗುಳಕ್ಕೆ ತಯಾರಾದೆ. "ಹಾರಿತಾ?" ಎಂದಷ್ಟೇ ಕೇಳಿದರು.

"ಹಾರಿತು ಅಮ್ಮ! ಒಳಗೆ ಒಂದು ನುಸಿಯೂ ಇದೆ!"

"ನನ್ನ ಬಿಟ್ಟು ನೋಡಿ ಬಂದ್ರಲ್ಲ" ಎಂದು ಅವರು ಕೊಡೆ ಕುಟ್ಟಿಕೊಂಡು ಒಳಗೆ ನಡೆದರು.

ಆ ಸಂಜೆ ನನ್ನ ಕಾಲೇಜಿನ ಹಳೆಯ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ತಣ್ಣಗೆ, "ನುಸಿ ಇದ್ದ ಮಾತ್ರಕ್ಕೆ ನಂಬಬೇಡಮ್ಮ, ಅದನ್ನೂ ನಕಲಿ ಮಾಡ್ತಾರೆ. ಗಾಢವಾದ ಉಪ್ಪುನೀರಲ್ಲಿ ಬಿಡು. ಅಂಬರ್ ತೇಲುತ್ತೆ. ಗಾಜು, ಬೇಕಲೈಟಿನಂಥ ಪ್ಲಾಸ್ಟಿಕ್ಕು ಮುಳುಗುತ್ತೆ. ಆಮೇಲೆ ಒಂದು ತೊಟ್ಟು ಸ್ಪಿರಿಟ್ ಮುಟ್ಟಿಸು. ಅಂಟಂಟಾದ್ರೆ ಅದು ಇನ್ನೂ ಎಳೆಯ ರಾಳ" ಎಂದರು.

ಎರಡು ದಿನ ಈ ಮಾತು ನನ್ನನ್ನು ಕೊರೆಯಿತು. ಮಣಿ ಸುಳ್ಳೆಂದಾದರೆ ಆ ತಾಯಿಯ ಮುಖ ಹೇಗೆ ನೋಡಲಿ? ಹೇಳದೆ ಇರೋಣವೆಂದರೆ, ಹುಡುಗಿಯರಿಗೆ ಪರೀಕ್ಷೆ ಮಾಡದೆ ಏನನ್ನೂ ನಂಬಬೇಡಿ ಎಂದು ದಿನಾ ಹೇಳುವವಳು ನಾನೇ. ಕೊನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಾನಿ ಕಾಜಾ ಹಾಕುತ್ತಿದ್ದ ಸೂಜಿಯನ್ನು ಶರಟಿಗೆ ಚುಚ್ಚಿಟ್ಟರು.

"ದಾರ ಹಳೇದಾಗಿದೆ, ಹೆಂಗೂ ಬಿಚ್ಚಿ ಪೋಣಿಸಬೇಕು. ನೋಡೇಬುಡೋಣ. ಸುಳ್ಳಾದ್ರೆ ಮಣಿ ಸುಳ್ಳು, ನಾನು ಹೇಳಿದ ಹೆಸರು ಸುಳ್ಳಾಗುತ್ತಾ?"

ಈ ಸಲ ಹೆಡ್‌ಮಿಸ್ಟ್ರೆಸ್ ಸಾಲಿನ ಮುಂದೆಯೇ ಇದ್ದರು. ಸ್ಕೂಲಿನ ದೊಡ್ಡ ಗಾಜಿನ ಜಾಡಿಯನ್ನು ಇಬ್ಬರು ಹುಡುಗಿಯರು ಹೊತ್ತು ತಂದರು. ಉಪ್ಪು ಇನ್ನು ಕರಗುವುದಿಲ್ಲ ಎನ್ನುವವರೆಗೆ ಕರಗಿಸಿದೆವು. ನಾನಿ ಹಲ್ಲಿನಿಂದ ದಾರ ಕಡಿದು, ಮಣಿಗಳನ್ನು ಬಟ್ಟಲಿಗೆ ಸುರಿದರು. ಮೊಮ್ಮಗಳು ಒಂದೊಂದನ್ನೇ ನೀರಿಗೆ ಬಿಟ್ಟಳು. ಮೊದಲನೆಯದು ಒಂದು ಸಲ ಕೆಳಗಿಳಿದು, ಮೇಲೆ ಬಂದು ತೇಲಿತು.

"ಒಂದು!" ಎಂದರು ಹೆಡ್‌ಮಿಸ್ಟ್ರೆಸ್, ಪ್ರಾರ್ಥನೆಯ ಹೊತ್ತಿಗೆ ಸ್ಕೂಲಿಗೆಲ್ಲ ಕೇಳಿಸುವ ಅದೇ ದನಿಯಲ್ಲಿ. ಹುಡುಗಿಯರು ಜೊತೆಗೂಡಿದರು. ಎರಡು, ಮೂರು, ನಾಲ್ಕು. ನುಸಿಯ ಮಣಿ ತೇಲಿದಾಗ ಚಪ್ಪಾಳೆ ಬಿತ್ತು. ಹದಿನೆಂಟಕ್ಕೆ ಓಣಿಯವರೂ ಎಣಿಸುತ್ತಿದ್ದರು. ಇಪ್ಪತ್ತು ದಾಟಿ ಮುಂದಿನದನ್ನು ಬಿಟ್ಟಾಗ ಅದು ನೆಟ್ಟಗೆ ತಳಕ್ಕೆ ಹೋಗಿ ಟಿಣ್ ಎಂದಿತು.

ಎಣಿಕೆ ನಿಂತಿತು. ಮೊಮ್ಮಗಳು ನನ್ನನ್ನು ನೋಡಿದಳು. "ಮುಂದಕ್ಕೆ ಬಿಡು" ಎಂದರು ನಾನಿ. ಉಳಿದವೆಲ್ಲ ತೇಲಿದವು, ಇನ್ನೊಂದನ್ನು ಬಿಟ್ಟು. ಮೂವತ್ತೊಂದು ಮೇಲೆ, ಎರಡು ತಳದಲ್ಲಿ. ಉದ್ದ ಮಣಿಯೂ ತೇಲಿತು. ಸ್ಪಿರಿಟ್ ಮುಟ್ಟಿಸಿದೆ, ತೇಲಿದ ಯಾವುದೂ ಅಂಟಾಗಲಿಲ್ಲ.

ನಾನಿ ಜಾಡಿಗೆ ಕೈ ಹಾಕಿ ಮುಳುಗಿದ ಎರಡನ್ನೂ ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು. "ಇವು ಯಾವಾಗಲೂ ಸ್ವಲ್ಪ ತಣ್ಣಗಿರ್ತಿದ್ವು. ನನ್ನ ಬೆರಳೇ ಹಂಗೆ ಅಂದ್ಕೊಂಡಿದ್ದೆ" ಎಂದರು. ಇದ್ದಕ್ಕಿದ್ದಂತೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಅವರು ನಗುತ್ತಿದ್ದರು.

"ಕಳ್ಳ ಮನುಷ್ಯ! ಜಟಕಾ ಓಡಿಸ್ತಿದ್ರು ನಮ್ಮ ಯಜಮಾನ್ರು. ಮದುವೆಯಾದ ಹೊಸದ್ರಲ್ಲಿ ಅವರ ಗಾಡೀಲೇ ಮಾಲೆ ಕಿತ್ಕೊಂಡು ಮಣಿಯೆಲ್ಲ ಹುಲ್ಲಲ್ಲಿ ಚೆಲ್ಲೋಯ್ತು. ಎರಡು ಸಿಗಲಿಲ್ಲ. ನಾನು ಮೂರು ದಿನ ಊಟ ಬಿಟ್ಟೆ. ನಾಲ್ಕನೇ ದಿನ ಬಂದ್ಬುಟ್ಟು, 'ತಗೋ, ಕುದುರೆ ಹುಲ್ಲಲ್ಲೇ ಇತ್ತು' ಅಂದ್ರು. ನಾನು ಖುಷಿಗೆ ಶೀರ್ಖುರ್ಮಾ ಮಾಡಿ ಹಾಕ್ದೆ, ಟೀಚರಮ್ಮ! ಕೂತು ಎರಡು ಬಟ್ಟಲು ತಿಂದ್ರು, ಬಾಯೇ ಬಿಡಲಿಲ್ಲ. ಸಾಯೋವರೆಗೂ ಬಿಡಲಿಲ್ಲ."

ಅವರು ಎರಡೂ ಮಣಿಗಳನ್ನು ಬೆಳಕಿಗೆ ಹಿಡಿದು ಮೊಮ್ಮಗಳಿಗೆ ತೋರಿಸಿದರು. "ಬಣ್ಣ ಹೆಂಗೆ ಹೊಂದಿಸಿದಾರೆ ನೋಡೇ. ಎಷ್ಟು ಅಂಗಡಿ ಅಲೆದಿದ್ರೋ."

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಈ ಎರಡನ್ನ ಏನ್ಮಾಡ್ತೀರಿ?" ಎಂದು ಕೇಳಿದರು.

"ಏನ್ಮಾಡೋದು? ಪೋಣಿಸ್ತೀನಿ. ಈಗ ಗೊತ್ತಾಯ್ತಲ್ಲ, ಪಕ್ಕಪಕ್ಕ ಪೋಣಿಸ್ತೀನಿ."

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಒಳಗೆ ನುಗ್ಗಿ, ತನ್ನ ಕೊರಳಿನ ಹಳದಿ ಹರಳನ್ನು ಬಿಚ್ಚಿ, "ಟೀಚರಮ್ಮ, ನಂದೂ ಸ್ವಲ್ಪ ಬಿಟ್ಟು ನೋಡಿ" ಅಂದಳು. ಅವಳ ಹಿಂದೆ ಇನ್ನೊಬ್ಬಳು, ಬಾಚಣಿಗೆ ಹಿಡಿದು. ಕಿವಿಯ ಓಲೆ, ಮಗುವಿನ ದೃಷ್ಟಿಮಣಿ, ಹಳೇ ಕೋಟಿನ ಗುಂಡಿ, ಎಲ್ಲವೂ ಬಂದವು. ಹೆಡ್‌ಮಿಸ್ಟ್ರೆಸ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆಯನ್ನು ಬಾಗಿಲಿಗೆ ಅಡ್ಡ ಹಿಡಿದು, "ಸಾಲಾಗಿ ಬನ್ನಿ, ಸಾಲಾಗಿ! ಯಾರದು ತಳ್ಳೋದು?" ಎಂದು ಕೂಗುತ್ತಿದ್ದರು. ಏನೇ ಬಿಟ್ಟರೂ ಮುಳುಗಿತು. ಮುಳುಗಿದಷ್ಟೂ ನಗು ಹೆಚ್ಚಿತು. ಮಧ್ಯಾಹ್ನವಿಡೀ ತೇಲಿದ್ದು ಒಂದು ಮರದ ಗುಂಡಿ ಮಾತ್ರ. ಅದರ ಒಡತಿಗೆ ಓಣಿಯಲ್ಲಿ ಆ ದಿನ ರಾಣಿಯ ಮರ್ಯಾದೆ.

ಗದ್ದಲದ ನಡುವೆ ನಾನಿ ಮಣಿಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕಾಜಾದ ಗಟ್ಟಿ ದಾರಕ್ಕೆ ಪೋಣಿಸುತ್ತಾ ಕೂತಿದ್ದರು. ಮೊಮ್ಮಗಳು ಸೂಜಿಗೆ ದಾರ ಏರಿಸಿಕೊಟ್ಟಳು. ಎಲ್ಲ ಮುಗಿದು ಗಂಟು ಹಾಕುವ ಹೊತ್ತಿಗೆ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿತು. ಅವರು ಮಾಲೆಯನ್ನು ಕಣ್ಣಿಗೊತ್ತಿಕೊಂಡು ಎದ್ದರು.

"ಸಾಕಿನ್ನು, ಎಲ್ರೂ ಹೊರಡಿ. ನಂಗೆ ಕೆಲಸ ಇದೆ."

ಮೂವತ್ತಾರು ಹುಡುಗಿಯರು, ಒಂದು ಜಾಡಿ, ನಾವಿಬ್ಬರು ಬೀದಿಗೆ ಬಂದೆವು. ಜಾಡಿಯ ಉಪ್ಪುನೀರನ್ನು ಚರಂಡಿಗೆ ಚೆಲ್ಲಿ, ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿದರು.

"ಮುಂದಿನ ಪಾಠ ಯಾವುದು?"

"ಅಯಸ್ಕಾಂತ ಅಮ್ಮ."

"ಎಲ್ಲಿಗೆ ಹೋಗಬೇಕು ಅಂತ ಈಗಲೇ ಹೇಳ್ಬುಡಿ" ಎಂದು ಅವರು ಕೊಡೆ ಬಿಚ್ಚಿದರು.